ಹಸಿರು ಒತ್ತಿದ ಬೆರಳು

ಹೋದ ವಾರ ನನ್ನ ಮೊಮ್ಮಗಳಿಗೆ ಕೆಳಗಿನ ಎರಡು ಹಲ್ಲು ಬಂದವು. ಓಣಿಯ ಮನೆಮನೆಗೂ ಎತ್ತಿಕೊಂಡು ಹೋಗಿ, ತುಟಿ ಸರಿಸಿ ತೋರಿಸಿ ಬಂದೆ. ಅಷ್ಟು ಖುಷಿ ನನಗೆ. ಆದರೆ ಅವಳು ನಕ್ಕಾಗಲೆಲ್ಲ ಹೋದ ವರ್ಷ ನಾನು ಮಾಡಿದ್ದು ನೆನಪಾಗಿ ತಲೆ ತಗ್ಗುತ್ತದೆ. ಮೂರನೆಯ ಇಯತ್ತೆ ಕಲಿತವಳು ನಾನು, ಬರವಣಿಗೆ ತಪ್ಪಿದ್ದರೆ ಹೊಟ್ಟೆಗೆ ಹಾಕಿಕೊಳ್ಳಿ.

ನಮ್ಮದು ಆಳಂದ ತಾಲ್ಲೂಕಿನ ಖಜೂರಿ. ಹೋದ ವರ್ಷ ತೊಗರಿ ರಾಶಿಯ ಹೊತ್ತಿಗೆ ಸೊಸೆ ರೇಣುಕಾಗೆ ಮೂರು ತಿಂಗಳು. ಅದಕ್ಕೂ ಮೊದಲು ಒಮ್ಮೆ ಗರ್ಭ ನಿಂತು ಇಳಿದುಹೋಗಿತ್ತು. ಆಗ ನಾನೇ ಊರೆಲ್ಲ ಹೇಳಿಕೊಂಡು ತಿರುಗಿದ್ದೆ. ಜನರ ಕಣ್ಣು ಬಿತ್ತು ಅಂತ ನನ್ನ ಮನಸ್ಸಿನಲ್ಲಿ ಕೂತುಬಿಟ್ಟಿತ್ತು. ಈ ಸಲ ಏಳನೆಯ ತಿಂಗಳಲ್ಲಿ ಕುಬಸದ ಸೀರೆ ಉಡಿಸುವ ತನಕ ಯಾರಿಗೂ ತಿಳಿಯಬಾರದು ಅಂತ ಗಟ್ಟಿ ಮಾಡಿದೆ.

ಆಶಾ ಕಾರ್ಯಕರ್ತೆ ಶಹನಾಜ್‌ಗೆ ತಿಳಿಯದೆ ಇರುತ್ತದೆಯೇ? ಮನೆಗೆ ಬಂದು ತಾಯಿ ಕಾರ್ಡ್ ಕೊಟ್ಟು, ಮೊಬೈಲಿನಲ್ಲಿ ಒಂದು ಆ್ಯಪ್ ಹಾಕಿದಳು. ತಪಾಸಣೆಯ ತಾರೀಖು ಬಂತೆಂದರೆ ಅದು ಕೂಗಿ ಹೇಳುತ್ತದೆ. ಮರುದಿನ, ಹೋಗಿ ಬಂದಿರಾ ಅಂತ ಕೇಳುತ್ತದೆ. ಹೋಗಿದ್ದರೆ ಹಸಿರು ಒತ್ತಬೇಕು, ಇಲ್ಲದಿದ್ದರೆ ಕೆಂಪು.

"ಕೆಂಪು ಒತ್ತಿದ್ರ ನಾ ಮನಿಗೇ ಬರ್ತೀನಿ ನೋಡ್ ಆಯಿ," ಅಂದಳು.

ಮಗ ಲಾರಿಯ ಮೇಲೆ ಹೋದರೆ ಹದಿನೈದು ದಿನ ಬರುವುದಿಲ್ಲ. ಮನೆಯ ಮೊಬೈಲ್ ನನ್ನ ಹತ್ತಿರವೇ ಇರುತ್ತಿತ್ತು.

ತಪಾಸಣೆಯ ದಿನ ದವಾಖಾನೆಯಲ್ಲಿ ಸುತ್ತಲ ಊರಿನ ಹೆಂಗಸರೆಲ್ಲ ಸಾಲಾಗಿ ಕೂತಿರುತ್ತಾರೆ. ಅಷ್ಟು ಕಣ್ಣುಗಳ ಮುಂದೆ ಸೊಸೆಯನ್ನು ಹೇಗೆ ಕೂರಿಸಲಿ? ಹೋಗಲಿಲ್ಲ. ಮರುದಿನ ಮೊಬೈಲ್ ಕೇಳಿತು. ಹಸಿರು ಒತ್ತಿದೆ, ಸುಮ್ಮನಾಯಿತು. ದಾರಿಯಲ್ಲಿ ಸಿಕ್ಕ ಶಹನಾಜ್‌ಗೆ, "ಆಳಂದದಾಗ ತೋರಿಸ್ಲಾಕತ್ತೀವಿ," ಅಂತ ಇನ್ನೊಂದು ಸುಳ್ಳು ಹೇಳಿದೆ.

ಎರಡನೆಯ ಸಲ ಒತ್ತುವಾಗ ರೇಣುಕಾ ನೋಡಿದಳು. "ಅತ್ತೀ, ನಾವು ಹೋಗೇ ಇಲ್ಲಲ್ರಿ?"

"ಸುಮ್ಮಕಿರವ್ವ. ಮೊಬೈಲಿಗೇನು ತಿಳೀತದ?" ಅಂದೆ. ಮೂರನೆಯ ಸಲವೂ ಒತ್ತಿದೆ.

ಕುಬಸದ ದಿನ ಬಂತು. ಹಸಿರು ಸೀರೆ, ಕೈತುಂಬ ಹಸಿರು ಬಳೆ, ಓಣಿಯ ಹೆಂಗಸರ ಹಾಡು. ಶಹನಾಜ್ ಕೂಡ ಬಂದಿದ್ದಳು. ಬಸುರಿ ಸೊಸೆಯಿದ್ದ ಪಕ್ಕದ ಮನೆಯವಳು ಅವಳನ್ನು ಕೆಣಕಿದಳು: "ಏನಬೇ, ನಮ್ಮನಿಗಿ ಬಂದು ದಿನಾ ತಲಿ ತಿಂತಿ. ಇವರಿಗಿ ಏನೂ ಅನ್ನಂಗಿಲ್ಲ?"

"ಕಾಕೂ, ನಿಂದು ಬರೇ ಕೆಂಪು. ಈ ಆಯಿದು ನೋಡು, ಎಲ್ಲಾ ಹಸಿರು! ಅತ್ತಿ ಅಂದ್ರ ಹಿಂಗಿರಬೇಕು."

ಎಲ್ಲರೂ ನಕ್ಕರು. ನಾನೂ ನಕ್ಕೆ. ಆ ನಗು ಈಗಲೂ ನನ್ನನ್ನು ಸುಡುತ್ತದೆ.

ಆರತಿ ಎತ್ತುವಷ್ಟರಲ್ಲಿ ರೇಣುಕಾ ಕೂತಲ್ಲೇ ಗೋಡೆಗೆ ಒರಗಿ ಜಾರಿದಳು. ಶಹನಾಜ್ ಓಡಿಬಂದು ಅವಳ ಕಣ್ಣಿನ ಕೆಳರೆಪ್ಪೆ ಎಳೆದು ನೋಡಿದಳು. ಸುಣ್ಣದಂತೆ ಬೆಳ್ಳಗಿತ್ತು.

"ಮೈಯಾಗ ರಕ್ತೇ ಇಲ್ಲ! ಡಾಕ್ಟ್ರು ಗುಳಿಗಿ ಕೊಟ್ಟಿಲ್ಲೇನು? ಕಾರ್ಡ್ ತಾ ಆಯಿ."

ಕೊಟ್ಟೆ. ಕಾರ್ಡ್ ಖಾಲಿ. ಅವಳು ಹಿಂದೆ ಮುಂದೆ ತಿರುಗಿಸಿ ನೋಡಿದಳು. ಹಾಡು ನಿಂತಿತ್ತು, ಎಲ್ಲರ ಕಣ್ಣೂ ನನ್ನ ಮೇಲೆ. ಯಾವ ಕಣ್ಣಿಗೆ ಹೆದರಿದ್ದೆನೋ ಅವೇ ಕಣ್ಣು.

"ನಾವು ಹೋಗೇ ಇಲ್ಲವ್ವ," ಅಂದೆ. "ನಾನೇ ಸುಳ್ಳು ಒತ್ತೀನಿ."

ಅವಳು ಬೈಯಲಿಲ್ಲ, ಜೀಪು ಕರೆಸಿದಳು. ಕುಬಸದ ಸೀರೆಯಲ್ಲೇ ಆಳಂದಕ್ಕೆ ಹೋದೆವು. ರಕ್ತ ಏರಿಸಿದರು. ಡಾಕ್ಟರಮ್ಮ ರೇಣುಕಾಗೆ, "ಹಿಂಗೇ ಹೆರಿಗಿ ಆಗಿದ್ರ ನೀನೂ ಇರ್ತಿದ್ದಿಲ್ಲ, ಕೂಸೂ ಇರ್ತಿದ್ದಿಲ್ಲ. ಯಾಕ ಬರ್ಲಿಲ್ಲ?" ಅಂದರು.

"ನಂದೇ ತಪ್ಪ್ರಿ. ಸೂಜಿ ಅಂದ್ರ ಅಂಜಿಕಿ," ಅಂದಳು ರೇಣುಕಾ.

ಬೈಗುಳವೆಲ್ಲ ಅವಳಿಗೆ ಬಿತ್ತು. ಓಣಿಯವರ ಮುಂದೆ ಒಪ್ಪಿಕೊಂಡಿದ್ದ ನಾನು ಅಲ್ಲಿ ಚೀಲ ಹಿಡಿದು ನಿಂತೇ ಇದ್ದೆ.

ಅಲ್ಲಿಂದ ಒಂದು ತಾರೀಖೂ ತಪ್ಪಿಸಲಿಲ್ಲ. ಮಳೆಗಾಲದಲ್ಲಿ ಹೆಣ್ಣು ಕೂಸು ಹುಟ್ಟಿತು. ಆ ದಿನ ನಾನು ಹಂಚಿದ ಪೇಢೆಯ ಲೆಕ್ಕ ಇಲ್ಲ.

ಮೊನ್ನೆ ಅವಳಿಗೆ ಒಂಬತ್ತು ತಿಂಗಳ ಲಸಿಕೆ ಹಾಕಿಸಿ ಬಂದೆವು. ಮರುದಿನ ಮೊಬೈಲ್ ಎಂದಿನಂತೆ ಕೇಳಿತು. ನನ್ನ ಬೆರಳು ಹಸಿರಿನ ಹತ್ತಿರ ಹೋಗಿ ನಿಂತಿತು. ಈಗಲೂ ಹಾಗೆಯೇ, ಪ್ರತಿ ಸಲ ನಿಲ್ಲುತ್ತದೆ.

"ರೇಣುಕಾ, ಹೋಗಿ ಬಂದೀವಲ್ಲವ್ವ?"

"ಅಯ್ಯ ಅತ್ತೀ! ಸೂಜಿ ನೋವಿಗಿ ಕೂಸು ಇನ್ನಾ ನಿಮ್ಮ ತೊಡಿ ಮ್ಯಾಲೆ ಕುಂತು ಅಳ್ಲಾಕತ್ತದಲ್ರಿ, ಅದನ್ನೇ ಕೇಳ್ರಿ," ಅಂತ ಅವಳು ನಕ್ಕಳು.

ಅಳುವ ಕೂಸನ್ನು ಎದೆಗೆ ಒತ್ತಿಕೊಂಡೆ. ಆಮೇಲೆ ಹಸಿರು ಒತ್ತಿದೆ.