ದಬ್ಬೆ ಇಳೀಲಿ

ಕಳೆದ ವಾರ ನಮ್ಮ ಅಪಾರ್ಟ್‌ಮೆಂಟಿನ ಹಿಂದಿನ ಒಳಚರಂಡಿ ಚೇಂಬರಿನ ಮುಚ್ಚಳ ತೆಗೆದಾಗ ಆ ವಾಸನೆ ಎರಡನೇ ಮಹಡಿಯ ನನ್ನ ಅಡುಗೆಮನೆವರೆಗೂ ಬಂತು. ಕೊಳೆತ ಮೊಟ್ಟೆ, ಸೋಪು, ಹಳೆಯ ಎಣ್ಣೆ ಎಲ್ಲ ಕಲಸಿಕೊಂಡ ವಾಸನೆ. ಪಕ್ಕದ ಮನೆಯವರು ಕಿಟಕಿ ಹಾಕಿಕೊಂಡರು. ನಾನು ಹಾಕಲಿಲ್ಲ. ಒಲೆ ಆರಿಸಿ ಕಿಟಕಿಯ ಹತ್ತಿರ ಬಂದು ನಿಂತೆ. ನನ್ನ ಬಿ.ಎಸ್ಸಿ. ಉಳಿದದ್ದು ಇಂಥದೇ ಒಂದು ತೆರೆದ ಗುಂಡಿಯ ಪಕ್ಕದಲ್ಲಿ. ಅದನ್ನು ಹೇಳಿಕೊಳ್ಳಲು ನನಗೆ ಯಾವ ಸಂಕೋಚವೂ ಇಲ್ಲ.

ಎಂಬತ್ತರ ದಶಕದ ನಡುವಿನ ಮಾತು. ತಮಿಳು ಸೀಮೆಯ ಕುರಿಚಿಯಲ್ಲಿ ನಾವು ಲೈನ್ ಮನೆಯಲ್ಲಿದ್ದೆವು. ಒಂದೇ ಸೂರಿನ ಕೆಳಗೆ ಐದು ಸಂಸಾರ, ಐದಕ್ಕೂ ಸೇರಿ ಒಂದು ಕಕ್ಕಸು. ಅಪ್ಪನಿಗೆ ಫೌಂಡ್ರಿಯಲ್ಲಿ ಅಚ್ಚಿಗೆ ಮಣ್ಣು ತುಂಬುವ ಕೆಲಸ. ಮನೆಯ ಓನರು ಮುಂದುಗಡೆಯ ಮಾಳಿಗೆ ಮನೆಯಲ್ಲಿದ್ದರು. ಅವರ ಲೇತ್ ಶೆಡ್ಡು ನಮ್ಮ ಹಿತ್ತಲಿಗೆ ಅಂಟಿಕೊಂಡಿತ್ತು. ಅವರೂ ಕನ್ನಡದವರೇ, ನಾವು ಬಾಡಿಗೆಯವರೂ ಕನ್ನಡದವರೇ. ಬೀದಿಯಲ್ಲಿ ತಮಿಳು, ಹೊಸಿಲು ದಾಟಿದರೆ ಕನ್ನಡ. ಹಾಲಿನವರ ಎದುರಿಗೆ, ತರಕಾರಿಯವರ ಎದುರಿಗೆ, ಅವರಿಗೆ ತಿಳಿಯಬಾರದ್ದನ್ನು ಆಡಿಕೊಳ್ಳಲು ನಮಗೆಲ್ಲ ಮನೆಮಾತು ಒಂದು ಅನುಕೂಲವಾಗಿತ್ತು.

ನಾನು ಕೊನೆಯ ವರ್ಷದಲ್ಲಿದ್ದೆ. ನಮ್ಮ ವಂಶದಲ್ಲಿ ಹತ್ತನೇ ಕ್ಲಾಸು ದಾಟಿದವರೇ ಇರಲಿಲ್ಲ, ಗಂಡಸರಲ್ಲೂ. ಪರೀಕ್ಷೆಗೆ ಹತ್ತು ದಿನ ಇದೆ ಅನ್ನುವಾಗ ಕಕ್ಕಸಿನ ನೀರು ಇಳಿಯುವುದು ನಿಂತಿತು. ಮಾರನೆಯ ದಿನ ಬಚ್ಚಲಿನಲ್ಲಿ ಕಪ್ಪು ನೀರು ಮೇಲೆದ್ದು ಬಂತು. ಅದರ ಮಾರನೆಯ ದಿನ ಓನರ ಹೆಂಡತಿ ಹಿತ್ತಲಿಗೆ ಬಂದು, ಐದು ಮನೆಗೂ ಕೇಳುವ ಹಾಗೆ, ನನ್ನತ್ತ ಕೈ ತೋರಿಸಿದರು.

"ಕಾಲೇಜಿಗೆ ಓಗೋ ಮಹಾರಾಣಿ ತಿಂಗಳ ಬಟ್ಟೆ ಒಗೀತಾಳಾ? ಒಳಕ್ಕೆ ಹಾಕಿ ಒಂದು ಬಕೆಟ್ ನೀರು ಉಯ್ದಿರ್ತಾಳೆ!"

ಎಸೆಯುವಷ್ಟು ಬಟ್ಟೆ ನಮ್ಮ ಮನೆಯಲ್ಲಿ ಎಲ್ಲಿತ್ತು? ಅಮ್ಮನ ಹಳೆಯ ಸೀರೆ ಹರಿದ ತುಂಡುಗಳು. ಅವನ್ನೇ ಒಗೆದು, ಕದ್ದ ಮಾಲಿನ ಹಾಗೆ ಪೆಟ್ಟಿಗೆಯ ಹಿಂದೆ ಒಣಗಿಸಿ, ಮತ್ತೆ ಮಡಿಸಿಡುತ್ತಿದ್ದೆವು. ಆದರೆ ಐದು ಮನೆಯ ಗಂಡಸರ ಎದುರಿಗೆ ಇದನ್ನು ಹೇಗೆ ಹೇಳುವುದು... ಅಪ್ಪ ನೆಲ ನೋಡುತ್ತಾ ನಿಂತಿದ್ದರು. ಶುಕ್ರವಾರದೊಳಗೆ ಮನೆ ಖಾಲಿ ಮಾಡಬೇಕು ಎಂದರು ಓನರು. ಖಾಲಿ ಮಾಡಿದರೆ ನಮಗಿದ್ದದ್ದು ಪಲ್ಲಡಂನ ದೊಡ್ಡಪ್ಪನ ಮನೆ ಒಂದೇ. ಅಲ್ಲಿ ಪವರ್‌ಲೂಮಿಗೆ ಕೈಗಳು ಬೇಕಾಗಿದ್ದವು. "ಓದಿದ್ದು ಸಾಕು, ಮಾನ ಹೋದದ್ದೂ ಸಾಕು," ಎಂದರು ಅಪ್ಪ. ಅಂದರೆ ನನಗೆ ಮಗ್ಗ, ಪರೀಕ್ಷೆ ಇಲ್ಲ.

ಗುರುವಾರ ಬೆಳಿಗ್ಗೆ ಓನರು ಅವರನ್ನು ಕರೆಸಿದರು.

ಆ ಸುತ್ತಿನಲ್ಲಿ ಯಾರ ಮನೆಯ ಮೋರಿ ಕಟ್ಟಿಕೊಂಡರೂ ಬರುತ್ತಿದ್ದವರು ಅವರೇ. ಸೈಕಲ್ಲಿನ ಹಿಂದೆ, ತುದಿಗೆ ತುದಿ ಬಿಗಿದು ಸುರುಳಿ ಸುತ್ತಿದ ಬಿದಿರಿನ ದಬ್ಬೆ. ಹೆಸರನ್ನು ಯಾರೂ ಕೇಳಿದ್ದಿಲ್ಲ. ಸಾಕ್ಕಡೆಕಾರ, ಮೋರಿಯವನು, ಅಂದರೆ ಮುಗಿಯಿತು. ಅಪ್ಪನಿಗಿಂತ ದೊಡ್ಡವರು. ಆದರೂ ನಮ್ಮ ಲೈನಿನ ಐದು ವರ್ಷದ ಮಗು ಕೂಡ ಅವರನ್ನು ಏಕವಚನದಲ್ಲಿ ಕೂಗುತ್ತಿತ್ತು. ನಾನೂ ಕೂಗಿದ್ದೇನೆ. ಈಗ ಬಹುವಚನದಲ್ಲಿ ಬರೆಯುತ್ತಿದ್ದೇನೆ. ತಡವಾಯಿತು, ಗೊತ್ತು.

ನಮ್ಮ ಹಿತ್ತಲಿನುದ್ದಕ್ಕೂ ಮೂರು ಚೇಂಬರುಗಳಿದ್ದವು. ಕಕ್ಕಸಿನ ಹತ್ತಿರ ಒಂದು, ನಡುವೆ ಒಂದು, ಬೀದಿಯ ಕಡೆಗೆ ಒಂದು. ಅವರು ಮೂರರ ಮುಚ್ಚಳವನ್ನೂ ಸರಿಸಿ, ದೂರ ಹೋಗಿ ಕುಕ್ಕರಗಾಲಲ್ಲಿ ಕುಳಿತು ಬೀಡಿಯನ್ನು ಹಚ್ಚದೆ ಬರಿದೇ ಬೆರಳಲ್ಲಿ ಹಿಡಿದುಕೊಂಡರು.

"ಸೀಕ್ರಂ ಇರಂಗುಡಾ," ಎಂದರು ಓನರು. ಬೇಗ ಇಳಿಯೋ ಅಂತ.

ಅವರು ಏಳಲಿಲ್ಲ. ಗುಂಡಿ ಮೊದಲು ಉಸಿರು ಬಿಡಲಿ ಧಣೀ, ಇಳಿಯುವುದು ದಬ್ಬೆ, ನಾನಲ್ಲ, ಎಂದು ತಮಿಳಿನಲ್ಲೇ ಹೇಳಿದರು. ಜಗಳದ ದನಿಯಲ್ಲ, ಬಸ್ಸು ಎಷ್ಟು ಹೊತ್ತಿಗೆ ಬರುತ್ತದೆ ಎಂದು ಹೇಳುವ ದನಿ. ಓನರು ಗೊಣಗಿಕೊಂಡರು.

ಆಮೇಲೆ ಅವರು ಎದ್ದು ಮೂರನ್ನೂ ಬಗ್ಗಿ ನೋಡಿದರು. ಕಕ್ಕಸಿನ ಕಡೆಯದು ತುಂಬಿತ್ತು. ನಡುವಿನದೂ ತುಂಬಿತ್ತು. ಬೀದಿಯ ಕಡೆಯದು ಬರಿದು, ತಳದ ಸಿಮೆಂಟು ಕಾಣುತ್ತಿತ್ತು. ಅಂದರೆ ಕಟ್ಟಿಕೊಂಡದ್ದು ಎರಡಕ್ಕೂ ಮೂರಕ್ಕೂ ನಡುವೆ. ಕಾಲೇಜಿನಲ್ಲಿ ಮೂರು ವರ್ಷ ನಾನು ಕಲಿತ ಲೆಕ್ಕಾಚಾರ ಇದಕ್ಕಿಂತ ಹೆಚ್ಚಿನದೇನಲ್ಲ.

ಬರಿದಾದ ಗುಂಡಿಯಿಂದ ದಬ್ಬೆಯನ್ನು ಒಳಕ್ಕೆ ನೂಕುತ್ತಾ ಹೋದರು. ಒಂದು ಕಡೆ ಅದು ತಡೆದು ನಿಂತಿತು. ತಡೆದಲ್ಲೇ ಕೈಯ ಹಿಡಿಯಿಂದ ಗುರುತು ಹಿಡಿದು, ಹೊರಗೆಳೆದು, ಅದೇ ದಬ್ಬೆಯನ್ನು ಪೈಪಿನ ಮೇಲಿನ ನೆಲಕ್ಕೆ ಹಾಸಿದರು. ಅದರ ತುದಿ ಸರಿಯಾಗಿ ಲೇತ್ ಶೆಡ್ಡಿನ ಗೋಡೆಯ ಬುಡದಲ್ಲಿ ಬಿದ್ದಿತು. ಅವರು ಗೋಡೆಯನ್ನೊಮ್ಮೆ ನೋಡಿದರು, ಓನರನ್ನೊಮ್ಮೆ ನೋಡಿದರು. ದಬ್ಬೆಯ ತುದಿಗೆ ಕಬ್ಬಿಣದ ಕೊಕ್ಕೆ ಕಟ್ಟಿ ಮತ್ತೆ ನೂಕಿ, ತಿರುಚಿ, ಎಳೆದರು. ಹೊರಗೆ ಬಂದದ್ದು ಬಟ್ಟೆ. ಮುದ್ದೆ ಮುದ್ದೆ ಕಪ್ಪು ಬಟ್ಟೆ. ಹಿಂದೆಯೇ ಮೂರು ದಿನದ ನೀರು ಬೋರ್ಗರೆದು ಬಂತು.

"ನಾನು ಅನ್ಲಿಲ್ವಾ!" ಎಂದು ಓನರ ಹೆಂಡತಿ ಚಪ್ಪಾಳೆ ತಟ್ಟಿದರು. ಅಮ್ಮ ಸೆರಗನ್ನು ಬಾಯಿಗೆ ಒತ್ತಿಕೊಂಡರು. "ಒಳಗೆ ಓಗು," ಎಂದರು ಅಪ್ಪ, ನನ್ನ ಮುಖ ನೋಡದೆ. ನಾನು ಹೋಗಲಿಲ್ಲ. ಹೋಗಿದ್ದರೆ ಮತ್ತೆ ಹೊರಗೆ ಬರುತ್ತಿರಲಿಲ್ಲ ಅನ್ನಿಸುತ್ತದೆ.

ಓನರ ಹೆಂಡತಿ ಗಂಡನ ಹತ್ತಿರ ಸರಿದು ದನಿ ತಗ್ಗಿಸಿ ಏನೋ ಹೇಳಿದರು. ಬಾಗಿಲಲ್ಲಿದ್ದ ನಮಗೆ ಕೇಳಿಸಲಿಲ್ಲ. ನಮಗೆ ಕೇಳಬಾರದೆಂದೇ ತಗ್ಗಿಸಿದ್ದು. ಒಂದು ಮೊಳ ದೂರದಲ್ಲಿ ಬಟ್ಟೆ ಹಿಂಡುತ್ತಾ ಕುಳಿತಿದ್ದವರ ಬಗ್ಗೆ ಅವರಿಗೆ ಯೋಚನೆಯೇ ಬರಲಿಲ್ಲ.

ಅವರು ತಲೆ ಎತ್ತಿದರು. ಇಡೀ ಲೈನಿಗೆ ಕೇಳುವಷ್ಟು ಗಟ್ಟಿಯಾಗಿ, ನಮ್ಮ ಮನೆಯೊಳಗಿನ ಕನ್ನಡದಲ್ಲಿ, ಹೇಳಿದರು:

"ತಪ್ಪು ಆ ಹುಡುಗೀದೇ ಅಂತ ಇವನ ಬಾಯಲ್ಲಿ ಏಳ್ಸು, ಶೆಡ್ಡು ಪೈಪು ಮಾತು ಎತ್ಬ್ಯಾಡ ಅಂತ ಯಜಮಾನ್ರಿಗ್ಯಾಕೆ ಏಳ್ತೀರಾ ಅಮ್ಮಾ? ನಂಗೇ ಏಳಿ. ನಮ್ಮನೇಲೂ ಇದೇ ಮಾತು."

ಶೆಡ್ಡಿಗೆ ಪೈಪಿದೆ ಎಂಬುದೇ ನಮಗೆ ಹೊಸದು. ಆದರೆ ನನ್ನ ಎದೆಗೆ ಮೊದಲು ನಾಟಿದ್ದು ಅದಲ್ಲ, ಆ ಕನ್ನಡ. ಅವರು ತಮಿಳು ಆಡಿದ್ದು ನಾವು ತಮಿಳಿನಲ್ಲಿ ಕರೆದದ್ದರಿಂದ, ಅಷ್ಟೆ. ಇಷ್ಟು ವರ್ಷ ಅವರ ಎದುರಿಗೆ ಏನೇನು ಆಡಿಕೊಂಡಿದ್ದೆವೋ... ಒಮ್ಮೆ ಅವರು ಕುಡಿಯಲು ನೀರು ಕೇಳಿದಾಗ, "ಆ ಲೋಟ ಬ್ಯಾಡಮ್ಮಾ, ಸೊಟ್ಟ ಲೋಟದಲ್ಲಿ ಕೊಡು," ಎಂದು ಅಮ್ಮನಿಗೆ ಕೂಗಿ ಹೇಳಿದವಳು ನಾನೇ. ಅವರು ಆ ನೀರನ್ನು ಕುಡಿದು, ಲೋಟವನ್ನು ತೊಳೆದಿಟ್ಟು ಹೋಗಿದ್ದರು.

"ಇದು ಮೆಷಿನ್ ಒರೆಸೋ ಬನಿಯನ್ ವೇಸ್ಟು," ಎಂದು ಮುದ್ದೆಯೊಂದನ್ನು ಎತ್ತಿ ಹಿಡಿದರು. "ಗ್ರೀಸು ನೋಡಿ, ಕಬ್ಬಿಣದ ಪುಡಿ ನೋಡಿ. ಯಾವ ಹುಡುಗಿ ಮೈಮೇಲೆ ಗ್ರೀಸ್ ಇರ್ತದೆ?" ಯಾರೋ ಕಿಸಕ್ಕೆಂದು ನಕ್ಕರು. ಶೆಡ್ಡಿನಿಂದ ಪೈಪೇ ಇಲ್ಲ ಎಂದರು ಓನರು. "ಇಲ್ಲಾಂದ್ರೆ ಒಳ್ಳೇದೇ. ಯಾರ ಮನೇಲಾದ್ರೂ ಬಟ್ಟೆಗೆ ಹಾಕೋ ನೀಲಿ ಅದಾ?"

ನನ್ನ ಬಿಳಿ ದಾವಣಿಗೆ ಹಾಕುವ ನೀಲಿಯಿತ್ತು. ಅದನ್ನು ತೆಗೆದುಕೊಂಡು ಬಂದೆ. ಅವರು ಶೆಡ್ಡಿನೊಳಗಿನ ಕೈತೊಳೆಯುವ ತೊಟ್ಟಿಯ ಕಡೆಗೆ ಗದ್ದ ಎತ್ತಿ ತೋರಿಸಿದರು. "ನೀನೇ ಉಯ್ಯಿ ಅಮ್ಮಣಿ. ಆಮ್ಯಾಕೆ ನಾನೇ ಏನೋ ಮಾಡ್ದೆ ಅಂತಾರೆ."

ಓನರು ಬಾಗಿಲಿಗೆ ಅಡ್ಡ ನಿಂತಿದ್ದರು. ನಾನು ಅವರ ಪಕ್ಕದಿಂದಲೇ ಒಳಗೆ ಹೋದೆ. ತಡೆಯಲು ಅವರಿಗೆ ಧೈರ್ಯ ಬರಲಿಲ್ಲ. ನೀಲಿ ಸುರಿದು ಮೇಲೆ ಒಂದು ಬಕೆಟ್ ನೀರು ಹೊಯ್ದೆ. ಹೊರಗೆ ಬಂದಾಗ ಐದು ಮನೆಯವರೂ ಗುಂಡಿಗಳ ಸುತ್ತ ನಿಂತಿದ್ದರು, ಅಪ್ಪನೂ. ನಡುವಿನ ಚೇಂಬರಿನಲ್ಲಿ ನೀಲಿಯ ಸುಳಿವಿಲ್ಲ. ಬೀದಿಯ ಕಡೆಯದರಲ್ಲಿ ಮೊದಲು ಒಂದು ಎಳೆ, ಆಮೇಲೆ ಇಡೀ ಗುಂಡಿ ನೀಲಿ. ನಡುವೆ ಪೈಪನ್ನು ಒಡೆದು ಶೆಡ್ಡಿನದನ್ನು ಸೇರಿಸಿದ್ದರು. ಒಳಕ್ಕೆ ಚಾಚಿಕೊಂಡ ಅದರ ಬಾಯಿಗೇ ವೇಸ್ಟು ಸಿಕ್ಕಿಕೊಂಡಿತ್ತು.

ಯಾರೂ ನನ್ನಲ್ಲಿ ಕ್ಷಮೆ ಕೇಳಲಿಲ್ಲ. "ಸರಿ ಸರಿ, ಎಲ್ಲಾರೂ ಕೆಲಸ ನೋಡಿ," ಎಂದು ಓನರು ಒಳಗೆ ಹೋದರು. ಶುಕ್ರವಾರದ ಮಾತನ್ನು ಮತ್ತೆ ಯಾರೂ ಎತ್ತಲಿಲ್ಲ. ಅಪ್ಪ ಮಾತ್ರ ಅವರ ಕೈಗೆ ತಾವೇ ನೀರು ಹಾಕಿದರು, "ಇನ್ನೊಂದು ಚೊಂಬು ಹಾಕ್ಲಾ ಅಣ್ಣಾ?" ಎಂದು ಕೇಳಿದರು. ಅಪ್ಪ ಅವರನ್ನು ಅಣ್ಣಾ ಅಂದದ್ದು ಅದೇ ಮೊದಲು.

ಕೈ ತೊಳೆಯುತ್ತಾ ಅವರು, ಏನು ಓದುತ್ತೀಯಾ ಎಂದು ನನ್ನನ್ನು ಕೇಳಿದರು. ಕೆಮಿಸ್ಟ್ರಿ ಎಂದೆ. ಈ ಗುಂಡಿಯಲ್ಲಿ ಬರುವ ಗ್ಯಾಸಿನ ವಿಷಯವೂ ಇದೆಯಾ ಎಂದರು. ಹೈಡ್ರೋಜನ್ ಸಲ್ಫೈಡ್ ಎಂದು ಹೇಳಿದೆ, ಜಂಬದಿಂದಲೇ. ಅವರು ಹೆಸರನ್ನು ಬಾಯಲ್ಲಿ ಒಮ್ಮೆ ಆಡಿಸಿ ನೋಡಿ ನಕ್ಕರು.

"ಅದರ ಹೆಸರು ನಿಂಗೊತ್ತು. ಅದು ನಂಗೊತ್ತು. ವಾಸನೆ ಬಂದ್ರೆ ದೂರ ನಿಲ್ಲಬೇಕು. ಬರ್ತಿದ್ದ ವಾಸನೆ ತಟ್ನೆ ನಿಂತೋದ್ರೆ ಓಡಬೇಕು. ನಿನ್ನ ಪುಸ್ತಕದಲ್ಲಿ ಅದೆಯಾ?"

ಇರಲಿಲ್ಲ. ಎಷ್ಟೋ ವರ್ಷದ ಮೇಲೆ ಬೇರೆ ಪುಸ್ತಕದಲ್ಲಿ ಓದಿದೆ. ಹೆಚ್ಚಾದರೆ ಆ ಗ್ಯಾಸು ಮೊದಲು ಕೊಲ್ಲುವುದು ಮೂಗನ್ನೇ.

ಪರೀಕ್ಷೆ ಬರೆದೆ. ಪಾಸಾದೆ. ಅಷ್ಟರಲ್ಲಿ ಓನರು ನಮ್ಮ ಬೀದಿಯ ಮೋರಿಗಳಿಗೆ ಬೇರೆ ಯಾರನ್ನೋ ಗೊತ್ತು ಮಾಡಿದ್ದರು. ದಬ್ಬೆಯವರು ಕೆಲಸಕ್ಕಾಗಿ ದೂರ ದೂರ ಹೋಗುತ್ತಿದ್ದಾರೆ ಎಂದು ಕೇಳಿದ್ದೆ. ಮಾರ್ಕ್‌ಶೀಟ್ ಕೈಗೆ ಬಂದ ದಿನ, ರೈಲು ಹಳಿಯಾಚೆ ಅವರ ಮನೆಯನ್ನು ಹುಡುಕಿಕೊಂಡು ಹೋದೆ. ಬಾಗಿಲಲ್ಲಿ ಅವರ ಹೆಂಡತಿ ಕುಳಿತಿದ್ದರು. ಗೋಡೆಗೆ ದಬ್ಬೆ ಒರಗಿತ್ತು, ಒಣಗಿ ಸೀಳು ಬಿಟ್ಟು.

"ಪೊಳ್ಳಾಚಿ ಕಡೆ ಒಂದು ಕಕ್ಕಸು ತೊಟ್ಟಿಗೆ ಇಳಿದ್ರು," ಎಂದರು ಆಕೆ, ನಮ್ಮದೇ ಕನ್ನಡದಲ್ಲಿ. "ಬೇಗ ಬೇಗ ಅಂದ್ರಂತೆ... ಮ್ಯಾಲೆ ಬರ್ಲಿಲ್ಲ."

ಎಂದೂ ಇಳಿಯದವರು ಇಳಿದಿದ್ದರು. ದಬ್ಬೆಗೆ ಊರೊಳಗೆ ಕೆಲಸವಿದ್ದಿದ್ದರೆ ಇಳಿಯುತ್ತಿರಲಿಲ್ಲ. ನನಗಾಗಿ ಆಡಿದ ಎರಡು ಮಾತಿಗೆ ಅವರಿಗೆ ನಮ್ಮ ಬೀದಿಯ ಕೆಲಸ ಹೋಗಿತ್ತು. ಇದನ್ನು ನಾನು ಯಾವ ಕಡೆಯಿಂದ ನೋಡಿದರೂ ಬೇರೆ ಥರ ಕಾಣುವುದಿಲ್ಲ. ಕನ್ನಡ ಅಕ್ಷರವನ್ನು ಮೂವತ್ತು ದಾಟಿದ ಮೇಲೆ, ಮಕ್ಕಳ ಸ್ಲೇಟಿನಲ್ಲಿ ತಿದ್ದಿ ಕಲಿತೆ. ಅವರು ಗಟ್ಟಿಯಾಗಿ ಆಡಿದ ಮಾತಿನಲ್ಲೇ ಅವರನ್ನು ಬರೆಯಬೇಕಿತ್ತು.

ಕಳೆದ ವಾರ ಕಿಟಕಿಯಿಂದ ನೋಡುತ್ತಿದ್ದ ಹಾಗೇ, ಚೇಂಬರಿನ ಕಬ್ಬಿಣದ ಮೆಟ್ಟಿಲ ಮೇಲೆ ಕೆಲಸದವರೊಬ್ಬರು ಕಾಲಿಟ್ಟರು. ನಮ್ಮ ಅಸೋಸಿಯೇಷನ್ನಿನ ಸೆಕ್ರೆಟರಿ ಪಕ್ಕದಲ್ಲಿ ನಿಂತು "ಸೀಕ್ರಂ, ಸೀಕ್ರಂ," ಅನ್ನುತ್ತಿದ್ದರು. ನಾನು ಮೆಟ್ಟಿಲಿಳಿದು ಓಡಿದೆ.

"ದಬ್ಬೆ ಇಳೀಲಿ! ನೀವು ಇಳೀಬ್ಯಾಡಿ!"

ಬಾಯಿಗೆ ಬಂದದ್ದು ಕನ್ನಡ. ಯಾರಿಗೂ ಅರ್ಥವಾಗಲಿಲ್ಲ. ಆಮೇಲೆ ತಮಿಳಿನಲ್ಲಿ ಹೇಳಿದೆ: ಮಿಷಿನ್ ತರಿಸಿ, ಅಲ್ಲಿಯವರೆಗೆ ಇವರು ಮೇಲೆಯೇ ಇರುತ್ತಾರೆ. ಸಾಯಂಕಾಲ ಆಗುತ್ತದೆ ಮೇಡಂ, ಎಲ್ಲರ ಮನೆಯಲ್ಲೂ ನೀರು ನಿಂತಿದೆ ಎಂದರು ಸೆಕ್ರೆಟರಿ. ನಿಲ್ಲಲಿ ಎಂದೆ. ವಾಚ್‌ಮನ್ನರ ಕುರ್ಚಿಯನ್ನು ತೆಗೆದುಕೊಂಡು ಗುಂಡಿ ಕಾಣುವಷ್ಟು ದೂರದಲ್ಲಿ ಹಾಕಿ ಕುಳಿತೆ. ಕೆಲಸದವರು ಕಾಲನ್ನು ಹಿಂದಕ್ಕೆ ತೆಗೆದು ನನ್ನ ಪಕ್ಕದ ಕಟ್ಟೆಯ ಮೇಲೆ ಬಂದು ಕುಳಿತರು. ಅವರ ಹೆಸರು ಕೇಳಿದೆ, ಹೇಳಿದರು.

ವಾಸನೆ ಬರುತ್ತಲೇ ಇತ್ತು. ಬರಲಿ.