ಪೀರಮ್ಮನ ಕಸ ಗುಡಿಸುವ ಸೀರೆ

ಜೀವನ್ ಬಿಮಾ ನಗರದ ಒಂದು ಮನೆಯ ಮೊದಲ ಮಹಡಿಯಲ್ಲಿ ನಮ್ಮ ಲ್ಯಾಬು. ಗಾಜಿನ ಕೊಳವೆಯನ್ನು ಲೇಸರಿನಲ್ಲಿ ಕಾಯಿಸಿ, ಶಾವಿಗೆ ಎಳೆದ ಹಾಗೆ ಎಳೆದು, ತುದಿಯಲ್ಲಿ ಕಣ್ಣಿಗೆ ಕಾಣದಷ್ಟು ಸಣ್ಣ ತೂತು ಉಳಿಸುವುದು ನಮ್ಮ ಕಸುಬು. ಇದರ ಹೆಸರು ನ್ಯಾನೊಪಿಪೆಟ್. ಒಂದು ತಲೆಗೂದಲಿನ ಅಗಲದಲ್ಲಿ ಇಂಥ ಸಾವಿರ ತೂತು ಸಾಲಾಗಿ ಕೂರುತ್ತವೆ. ಒಳಗೆ ಉಪ್ಪುನೀರು ತುಂಬಿ ಚೂರು ಕರೆಂಟು ಹರಿಸಿದರೆ, ಜೀವಂತ ಕೋಶವನ್ನು ಮುಟ್ಟದೆಯೇ ಅದರ ಮೈಯ ಉಬ್ಬುತಗ್ಗಿನ ಚಿತ್ರ ತೆಗೆಯಬಹುದು.

ಇದನ್ನು ಎಳೆಯಲು ನಾನು, ಅಂದರೆ ಪಿಎಚ್‌ಡಿ ಮುಗಿಸಿದ ನಚಿಕೇತ, ಆರು ತಿಂಗಳು ಹೆಣಗಿದೆ. ಕೈಗೆ ಹತ್ತಿದ್ದು ಪೀರಮ್ಮನಿಗೆ. ಯಾದಗಿರಿ ಕಡೆಯವರು, ಕೆ.ಆರ್. ಪುರದಲ್ಲಿ ಬಾಡಿಗೆ ಕೋಣೆ, ನಮ್ಮಲ್ಲಿ ಕಸ ಗುಡಿಸಿ ನೆಲ ಒರೆಸುವ ಕೆಲಸ. ಒರೆಸುತ್ತಲೇ ಎಲ್ಲ ನೋಡುತ್ತಿದ್ದರು. ಒಂದು ದಿನ, "ಇವತ್ ಹವಾ ಒಣಗ್ಯದ್ರೀ ಸರ, ಕಾವು ಜರಾ ಕಮ್ಮಿ ಮಾಡ್ರಿ," ಅಂದರು. ನನಗೆ ಸಿಟ್ಟು ಬಂತು. ಆದರೂ ಮಾಡಿದೆ, ತುದಿ ಸರಿಯಾಗಿ ಬಂತು. ಓದು ಒಕ್ಕಾಲು, ಬುದ್ಧಿ ಮುಕ್ಕಾಲು ಅಂತಾರಲ್ಲ, ನನ್ನ ಪಾಲಿಗೆ ಒಕ್ಕಾಲೇ ಬಂದಿತ್ತು ಅನ್ನಿ.

ಆಮೇಲೆ ಎಳೆಯುವ ಕೆಲಸವೂ ಅವರದೇ ಆಯಿತು, ಹುದ್ದೆ ಮಾತ್ರ ಬದಲಾಗಲಿಲ್ಲ. ಜನವರಿಯಲ್ಲಿ ನಮ್ಮ ಮುಖ್ಯಸ್ಥೆ ರಂಜನಾ ಮೇಡಂ ಪೀರಮ್ಮನನ್ನು ಕರೆದರು. "ಸೋಮವಾರ ನಮ್ಮ ಪಿಪೆಟ್ ಬೇಕು ಅಂತ ಒಬ್ಬರು ಡಾಕ್ಟರು ನೋಡೋಕೆ ಬರ್ತಿದಾರೆ. ಅವರ ಮುಂದೆ ಹತ್ತರಲ್ಲಿ ಎಂಟು ಸರಿ ಬಂದ್ರೆ ನೀವೇ ಟೆಕ್ನಿಷಿಯನ್, ಪೀರಮ್ಮ. ಇಲ್ಲಾಂದ್ರೆ ಹೊರಗಿನವರನ್ನ ತಗೋಬೇಕಾಗತ್ತೆ."

ಸೋಮವಾರ ಪೀರಮ್ಮ ಶಿವಾಜಿನಗರದಲ್ಲಿ ಕೊಂಡ, ಮಿರಿಮಿರಿ ಮಿಂಚುವ ಹೊಸ ಪಾಲಿಯೆಸ್ಟರ್ ಸೀರೆ ಉಟ್ಟು ಬಂದರು. ದಿನಾ ಉಡುತ್ತಿದ್ದ ಹಳೆಯ ಹತ್ತಿ ಸೀರೆಯನ್ನು ಪೊರಕೆಯ ಕಪಾಟಿಗೆ ಹಾಕಿ, "ಇದರ ಋಣ ಮುಗೀತ್ರೀ," ಅಂದರು. ನಮಗೂ ಖುಷಿಯಾಯಿತು.

ಮೊದಲನೆಯದನ್ನು ಎಳೆದು, ಉಪ್ಪುನೀರು ತುಂಬಿ, ಬೆಳ್ಳಿ ತಂತಿ ಸಿಕ್ಕಿಸಿದರು. ಪರದೆಯ ಮೇಲೆ ಕರೆಂಟಿನ ಗೆರೆ ಒಮ್ಮೆಲೇ ಜಿಗಿಯಿತು. ತುದಿ ಒಡೆದಿದೆ ಅಂತ ಅರ್ಥ. ಎರಡನೆಯದೂ ಹಾಗೇ. ಇನ್ನೊಂದು ಒಡೆದರೆ ಎಲ್ಲ ಮುಗಿಯಿತು. ಡಾಕ್ಟರು ಗಡಿಯಾರ ನೋಡಿದರು. ನಾನು ಗಾಬರಿಯಿಂದ ಲೇಸರಿಗೆ ಕೈ ಹಾಕಲು ಹೋದೆ.

"ಮಷೀನ್ ಮುಟ್ಟಬ್ಯಾಡ್ರಿ ಸರ," ಅಂದ ಪೀರಮ್ಮ ಸೆರಗನ್ನು ಮೈಯಿಂದ ತುಸು ಎತ್ತಿದರು. ಚಟಚಟ ಸದ್ದಾಯಿತು, ಮುಂಗೈ ಕೂದಲು ನೆಟ್ಟಗೆ ನಿಂತವು. "ತಪ್ಪು ಈ ಸೀರೀದ್ರೀ."

ಒಣ ಹವೆಯಲ್ಲಿ ಆ ಸೀರೆಯಿಂದ ಮೈಗೇರಿದ ಕರೆಂಟು, ಅವರು ತಂತಿ ಮುಟ್ಟಿದೊಡನೆ ತುದಿಗೆ ನುಗ್ಗಿ ಒಡೆಯುತ್ತಿತ್ತು. ಇದನ್ನು ನಾನು ಪುಸ್ತಕದಲ್ಲಿ ಓದಿದ್ದೆ, ಹೊತ್ತಿಗೆ ಸರಿಯಾಗಿ ನೆನಪಾಗಲಿಲ್ಲ ಅಷ್ಟೆ.

ಪೀರಮ್ಮ ಕಪಾಟಿನತ್ತ ನೋಡಿದರು. ಬಂದವರ ಎದುರು ಕಸ ಗುಡಿಸುವ ಸೀರೆಯಲ್ಲಿ ನಿಲ್ಲುವುದು ಅವರಿಗೆ ಎಷ್ಟು ಕಷ್ಟವೆಂದು ಮುಖದಲ್ಲೇ ಕಾಣುತ್ತಿತ್ತು. ಐದು ನಿಮಿಷದಲ್ಲಿ ಅದನ್ನೇ ಉಟ್ಟು ಬಂದರು, ಫಿನಾಯಿಲ್ ವಾಸನೆಯೂ ಜೊತೆಗೇ ಬಂತು.

ಮೂರನೆಯದು ಸರಿ ಬಂತು. ನಾಲ್ಕನೆಯದೂ ಬಂತು. ಹತ್ತನೆಯದಕ್ಕೆ ತಂತಿ ಸಿಕ್ಕಿಸಿದಾಗ ಎಲ್ಲರೂ ಪರದೆಯತ್ತ ಬಗ್ಗಿದೆವು. ಗೆರೆ ಅಲುಗದೆ ನಿಂತಿತು.

ಡಾಕ್ಟರು ಕುರ್ಚಿಯಿಂದೆದ್ದು ಪೀರಮ್ಮನಿಗೆ ಕೈ ಮುಗಿದರು. "ಎಷ್ಟು ವರ್ಷದಿಂದ ಟೆಕ್ನಿಷಿಯನ್ ಆಗಿದೀರಮ್ಮ?"

ಪೀರಮ್ಮ ರಂಜನಾ ಮೇಡಂ ಕಡೆ ನೋಡಿದರು. ಮೇಡಂ ತಲೆಯಾಡಿಸಿದರು.

"ಇವತ್ತಿನಿಂದ್ರೀ," ಅಂದರು ಪೀರಮ್ಮ, ಹಳೆಯ ಸೀರೆಯ ಸೆರಗನ್ನು ಸೊಂಟಕ್ಕೆ ಸಿಕ್ಕಿಸುತ್ತಾ.