ರೈಟ್ ಎಂದವನು ನಾನು

ಇದನ್ನು ಹೇಳಬೇಕೆಂದು ಕೂತು ಎದ್ದುಹೋದದ್ದು ಎಷ್ಟು ಸಲವೋ ಲೆಕ್ಕವಿಲ್ಲ. ಮೊದಲು ಮಕ್ಕಳು ಸಣ್ಣವರು ಎಂದೆ. ಆಮೇಲೆ ಅವರ ಮದುವೆಯೆಲ್ಲ ಮುಗಿಯಲಿ ಎಂದೆ. ಕೊನೆಗೆ ಕಣ್ಣಿನ ಪೊರೆ ತೆಗೆಸಿಕೊಂಡ ಮೇಲೆ ಬರೆಯುತ್ತೇನೆ ಎಂದುಕೊಂಡೆ. ಪೊರೆ ತೆಗೆಸಿ ಮೂರು ವರ್ಷವಾಯಿತು. ಈಗ ಅಕ್ಷರ ಚೆನ್ನಾಗಿಯೇ ಕಾಣುತ್ತದೆ, ಹೇಳಲು ಬೇರೆ ನೆವ ಉಳಿದಿಲ್ಲ.

ನಾನು ಬಸ್ ಕಂಡಕ್ಟರ್ ಆಗಿದ್ದವನು. ಬೆಳಿಗ್ಗೆ ಬೆಳ್ತಂಗಡಿಯಿಂದ ಹೊರಟು ವೇಣೂರು, ಮೂಡುಬಿದಿರೆ, ಸಿದ್ಧಕಟ್ಟೆಯ ದಾರಿಯಾಗಿ ಬಂಟ್ವಾಳ ಮುಟ್ಟುವ, ಎಲ್ಲ ಕಡೆ ನಿಲ್ಲುವ ಒಂದು ಸರ್ವಿಸ್ ಬಸ್ಸು. ಹತ್ತನೆಯ ತರಗತಿಯ ಇಂಗ್ಲಿಷಿನಲ್ಲಿ ನನಗೆ ಬಂದದ್ದು ಮೂವತ್ತೈದು ಮಾರ್ಕು, ಬಸ್ಸಿನಲ್ಲಿ ಬೇಕಾದದ್ದು ಎರಡೇ ಮಾತು. ನಿಲ್ಲಿಸಲು ಹೋಲ್ಡಾನ್, ಹೊರಡಲು ರೈಟ್. ಹಿಂದಿನ ಬಾಗಿಲಲ್ಲಿ ನಿಂತು ದಿನಕ್ಕೆ ಇನ್ನೂರು ಸಲವಾದರೂ ರೈಟ್ ಎನ್ನುತ್ತಿದ್ದೆ. ಅದು ಇಂಗ್ಲಿಷ್ ಎಂಬುದೇ ಮರೆತುಹೋಗಿತ್ತು.

ನನ್ನ ಡ್ರೈವರ್ ಪುತ್ತಿಗೆಯವರು. ನನಗಿಂತ ಹತ್ತು ಹನ್ನೆರಡು ವರ್ಷ ದೊಡ್ಡವರು, ನಾಲ್ಕನೆಯ ತರಗತಿಗೆ ಶಾಲೆ ಬಿಟ್ಟವರು. ನಾನು ಅಣ್ಣ ಎಂದು ಕರೆಯುತ್ತಿದ್ದೆ, ಅವರು ನನ್ನನ್ನು ಮಾರಾಯ ಎನ್ನುತ್ತಿದ್ದರು. ಬಸ್ಸು ರಾತ್ರಿ ಬೆಳ್ತಂಗಡಿಯಲ್ಲಿ ಹಾಲ್ಟ್ ಆಗುತ್ತಿದ್ದುದರಿಂದ ಅವರು ಮನೆಗೆ ಹೋಗುತ್ತಿದ್ದದ್ದು ವಾರಕ್ಕೊಮ್ಮೆ. ಉಳಿದ ದಿನಗಳಲ್ಲಿ ಊಟ, ಚಹಾ, ಮಾತು ಎಲ್ಲ ನನ್ನ ಜೊತೆ. ನಮ್ಮ ಮಾತು ತುಳುವಿನಲ್ಲಿ. ಇಲ್ಲಿ ಕನ್ನಡದಲ್ಲಿ ಬರೆಯುತ್ತಿದ್ದೇನೆ, ಅವರ ನಗೆಯ ಅರ್ಧ ಇದರಲ್ಲಿ ಸೋರಿಹೋಗುತ್ತದೆ.

ಅವರ ಹಾರ್ನ್ ಊರಿಗೆಲ್ಲ ಗೊತ್ತಿತ್ತು. ಒಂದು ತಿರುವಿನಲ್ಲಿ ಎರಡು ಸಲ, ಒಂದು ಗೇಟಿನ ಹತ್ತಿರ ಉದ್ದಕ್ಕೆ ಒಂದು ಸಲ, ಹೀಗೆ ಮನೆ ಮನೆಗೂ ಬೇರೆ. ಅಂಗಳದಿಂದ ಯಾರಾದರೂ ಕೈ ಎತ್ತಿದರೆ ಬಸ್ಸು ನಿಂತಿತೆಂದೇ ಅರ್ಥ. ಹೆಂಗಸರು ಮಲ್ಲಿಗೆಯನ್ನು ಕೈಯಲ್ಲಿ ಹಿಡಿದು ಓಡಿಬಂದು, ಸೀಟಿನಲ್ಲಿ ಕೂತು ಮುಡಿದುಕೊಳ್ಳುತ್ತಿದ್ದರು. ಬಸ್ಸಿನ ಹೆಸರು ಬೋರ್ಡಿನಲ್ಲಿ ಬೇರೆ ಇತ್ತು, ಜನರ ಬಾಯಲ್ಲಿ ಮಾತ್ರ ಅದು 'ಕಾಯುವ ಬಸ್ಸು'. ಆ ಹೆಸರು ಬಂದದ್ದು ಅವರಿಂದ. ನನಗೂ ಅದರಲ್ಲಿ ಸ್ವಲ್ಪ ಪಾಲು ಸಿಗುತ್ತಿತ್ತು.

ವೇಣೂರು ದಾಟಿದ ಮೇಲೆ ಒಂದು ತಿರುವಿನಲ್ಲಿ ದಿನವೂ ಒಬ್ಬಳು ಹುಡುಗಿ ಹತ್ತುತ್ತಿದ್ದಳು. ಮೂಡುಬಿದಿರೆಯಲ್ಲಿ ಡಿಗ್ರಿಯ ಕೊನೆಯ ವರ್ಷ. ಕೈಯಲ್ಲಿ ಇಟ್ಟಿಗೆಯಷ್ಟು ದಪ್ಪದ ಡಿಕ್ಷನರಿ. ಕೂರುತ್ತಿದ್ದದ್ದು ಹಿಂದಿನ ಬಾಗಿಲಿನ ಪಕ್ಕದ ಸೀಟಿನಲ್ಲಿ. ಒಂದು ದಿನ ಅವಳು ಕೇಳಿದಳು:

"ಕಂಡಕ್ಟ್ರೇ, ನೀವು ಹೇಳುವ ರೈಟಿಗೆ ಎಷ್ಟು ಅರ್ಥ ಉಂಟು, ಗೊತ್ತುಂಟಾ?"

"ಒಂದೇ. ಹೋಗುವ ಅಂತ."

"ಅದೊಂದು ಅರ್ಥ ಮಾತ್ರ ಇದರಲ್ಲಿ ಇಲ್ಲ!" ಎಂದು ಡಿಕ್ಷನರಿಯನ್ನು ತಟ್ಟಿ ನಕ್ಕಳು. "ಉಳಿದದ್ದು ಎರಡು ಪುಟ ಉಂಟು. ದಿನಕ್ಕೊಂದು ಹೇಳ್ತೇನೆ. ಒಟ್ಟಿಗೆ ಹೇಳಿದರೆ ನಿಮಗೆ ಅಜೀರ್ಣ ಆದೀತು."

ಹಾಗೆ ಶುರುವಾಯಿತು. ಅವಳು ಹೇಳಿದ್ದನ್ನು ಟಿಕೆಟ್ ಪುಸ್ತಕದ ರಟ್ಟಿನ ಮೇಲೆ ಬರೆದುಕೊಳ್ಳುತ್ತಿದ್ದೆ. ಬಂಟ್ವಾಳದಲ್ಲಿ ಬಸ್ಸು ತಿರುಗಿಸಿ ನಿಲ್ಲಿಸಿದ ಮೇಲೆ ಚಹಾದ ಅಂಗಡಿಯ ಬೆಂಚಿನಲ್ಲಿ ಅಣ್ಣನಿಗೆ ಒಪ್ಪಿಸುತ್ತಿದ್ದೆ.

"ಇವತ್ತು ಏನು ಹೇಳಿದಳು ಟೀಚರು?"

"ಬಲಗಡೆ ಅಂತ ಅರ್ಥ ಉಂಟಂತೆ ಅಣ್ಣ."

"ಹೌದಾ? ದೇವರು ದೊಡ್ಡವನು ಮಾರಾಯ. ನೀನು ರೈಟ್ ಹೇಳಿದಾಗೆಲ್ಲ ನಾನು ಬಲಕ್ಕೆ ತಿರುಗಿಸಿದ್ದಿದ್ದರೆ ಇಷ್ಟು ಹೊತ್ತಿಗೆ ಬಸ್ಸು ಸಮೇತ ಫಲ್ಗುಣಿ ಹೊಳೆಯಲ್ಲಿ ಇರ್ತಿದ್ದೆವು."

ಹಕ್ಕು ಎಂಬ ಅರ್ಥ ಹೇಳಿದ ದಿನ ಸ್ವಲ್ಪ ಯೋಚಿಸಿದರು. "ಕಿಟಕಿ ಬದಿಯ ಸೀಟಿನಲ್ಲಿ ಕರವಸ್ತ್ರ ಇಟ್ಟು ಜಗಳ ಮಾಡ್ತಾರಲ್ಲ, ಅದಾ?" ನಾನು ಸುಮಾರಾಗಿ ಅದೇ ಎಂದೆ. ಲಂಬಕೋನಕ್ಕೂ ರೈಟ್ ಸೇರಿಸುತ್ತಾರೆ ಎಂದಾಗ, ಸಿದ್ಧಕಟ್ಟೆಗೆ ಮೊದಲಿನ ಒಂದು ಕೆಟ್ಟ ತಿರುವಿಗೆ ಆ ಹೆಸರನ್ನೇ ಇಟ್ಟರು. ಕೆಟ್ಟುಹೋದದ್ದನ್ನು ಸರಿಪಡಿಸುವುದಕ್ಕೂ ಈ ಮಾತೇ ಸಾಕು ಎಂದದ್ದಕ್ಕೆ, ಹಾಗಾದರೆ ಗ್ಯಾರೇಜಿಗೆ ಯಾಕೆ ಹೋಗಬೇಕು, ಇಂಜಿನ್ನಿನ ಮುಂದೆ ನಿಂತು ನೀನೇ ರೈಟ್ ಹೇಳು ಎಂದರು. ಈಗಿಂದೀಗಲೇ ಎನ್ನುವುದಕ್ಕೆ, ನೇರ ಎನ್ನುವುದಕ್ಕೆ, ಮೈ ಹುಷಾರಾಗಿದೆ ಎನ್ನುವುದಕ್ಕೆ, ಆಯಿತು ಒಪ್ಪಿದೆ ಎನ್ನುವುದಕ್ಕೆ ಎಲ್ಲ ಇದೇ ಮಾತು. ಹುಡುಗಿ ನನಗೂ ಕೆಲಸ ಕೊಟ್ಟಿದ್ದಳು. ಪ್ರತಿಯೊಂದಕ್ಕೂ ನಮ್ಮ ಕಡೆಯ ಮಾತು ಹುಡುಕಿ ತರಬೇಕು. ಸರಿ, ಬಲ, ನ್ಯಾಯ, ನೆಟ್ಟಗೆ, ತಕ್ಕದ್ದು, ಆಗಲಿ ಎಂದು ನಾನೂ ಅಣ್ಣನೂ ಕೂತು ಹುಡುಕಿದೆವು. ಚಹಾದ ಅಂಗಡಿಯವರೂ ಒಂದೆರಡು ಸೇರಿಸಿದರು. ಒಂದು ಇಂಗ್ಲಿಷ್ ಮಾತಿಗೆ ನಮ್ಮ ಹತ್ತು ಹನ್ನೆರಡು ಮಾತು ಬೇಕಾಯಿತು. ರಟ್ಟು ತುಂಬಿತು.

"ನಿಮಗೆ ಯಾವ ಅರ್ಥ ಅಣ್ಣ?" ಎಂದು ಒಮ್ಮೆ ನಾನು ಕೇಳಿದೆ.

ಅವರು ಗ್ಲಾಸನ್ನು ಕೆಳಗಿಟ್ಟರು. "ನನಗೆ ಎರಡು ಪುಟ ಎಲ್ಲ ಬೇಡ. ನೀನು ರೈಟ್ ಅಂದರೆ ಹಿಂದೆ ನೋಡಿದ್ದೀ ಅಂತ. ಹತ್ತುವವರು ಹತ್ತಿದ್ದಾರೆ, ಇಳಿಯುವವರು ಇಳಿದಿದ್ದಾರೆ, ಯಾರ ಕಾಲೂ ನೆಲದ ಮೇಲೆ ಇಲ್ಲ. ನಾನು ಕನ್ನಡಿ ನೋಡುವುದಿಲ್ಲ. ನೀನು ಇದ್ದೀ ಅಲ್ಲ."

ಮೆಚ್ಚಿ ಹೇಳಿದ ಮಾತೇನಲ್ಲ ಅದು. ಗೇರ್ ಹೀಗೆ ಹಾಕುತ್ತೇನೆ ಎಂದು ಹೇಳಿದ ಹಾಗೆ ಹೇಳಿದ್ದರು.

ಡಿಗ್ರಿ ಮುಗಿದ ಮೇಲೆ ಹುಡುಗಿ ಬಸ್ಸಿಗೆ ಬರುವುದು ಕಡಿಮೆಯಾಯಿತು. ಒಂದು ಶನಿವಾರ ಮೂಡುಬಿದಿರೆಯಿಂದ ಮನೆಗೆ ಹೋಗುವಾಗ ಸಿಕ್ಕಿದಳು. ಸೋಮವಾರ ಬೆಳಿಗ್ಗೆ ಬಂಟ್ವಾಳದಲ್ಲಿ ಕೆಲಸದ ಇಂಟರ್‌ವ್ಯೂ ಇದೆ ಎಂದಳು. ಮನೆಯಲ್ಲಿ ಮದುವೆಗೆ ನೋಡುತ್ತಿದ್ದಾರೆ, ಈ ಕೆಲಸ ಸಿಕ್ಕಿದರೆ ಎರಡು ವರ್ಷ ಬಿಡುತ್ತಾರೆ ಎಂದೂ ಹೇಳಿದಳು.

"ಕಂಡಕ್ಟ್ರೇ, ಸೋಮವಾರ ಎರಡು ನಿಮಿಷ ಹೆಚ್ಚು ಕಾಯಬೇಕು. ಸೀರೆ ಉಟ್ಟುಕೊಂಡು ಆ ಗುಡ್ಡೆ ಇಳಿಯಲಿಕ್ಕೆ ನನಗೆ ಅಭ್ಯಾಸ ಇಲ್ಲ."

"ರೈಟ್," ಎಂದೆ.

"ಇದು ಯಾವ ಅರ್ಥದ್ದು?"

"ಒಪ್ಪಿದೆ ಅಂತ."

ಸೋಮವಾರ ಬೆಳಿಗ್ಗೆ ಬೆಳ್ತಂಗಡಿಯ ಸ್ಟ್ಯಾಂಡಿನಲ್ಲಿ, ನಮ್ಮ ಹಿಂದೆ ಹತ್ತು ನಿಮಿಷಕ್ಕೆ ಹೊರಡುವ ಎಕ್ಸ್‌ಪ್ರೆಸ್ಸಿನ ಕಂಡಕ್ಟರ್ ಎಲ್ಲರೆದುರು ನನ್ನನ್ನು ಕೆಣಕಿದ. "ನಿಮ್ಮದು ಬಸ್ಸಾ, ಎತ್ತಿನ ಗಾಡಿಯಾ? ಮನೆ ಮನೆಯ ಎದುರು ನಿಲ್ಲಿಸಿ ಗಂಜಿ ಊಟ ಮಾಡಿಕೊಂಡು ಬರ್ತೀರಂತಲ್ಲ? ಇವತ್ತು ಮೂಡುಬಿದಿರೆಗೆ ನನಗಿಂತ ಮೊದಲು ಮುಟ್ಟಿಸು ನೋಡುವ." ಸುತ್ತ ಇದ್ದವರು ನಕ್ಕರು. ಅಣ್ಣನೂ ನಕ್ಕರು, "ಗಂಜಿ ಜೊತೆ ಚಟ್ನಿಯೂ ಕೊಡ್ತಾರೆ, ಬಾ" ಎಂದು ಸ್ಟಾರ್ಟ್ ಮಾಡಿದರು. ನನಗೆ ನಗಲು ಆಗಲಿಲ್ಲ.

ವೇಣೂರಿನಲ್ಲಿ ಆಗಲೇ ನಾವು ತಡ. ಆ ತಿರುವಿನಲ್ಲಿ ಅಣ್ಣ ನಿಲ್ಲಿಸಿ ಎರಡು ಹಾರ್ನ್ ಹೊಡೆದರು. ನಾನು ಬಾಗಿಲಲ್ಲಿ ನಿಂತು ನೋಡಿದೆ. ಗುಡ್ಡೆಯ ಅರ್ಧದಲ್ಲಿ ಅವಳು ಬರುತ್ತಿದ್ದಳು. ಹಸಿರು ಸೀರೆ. ಒಂದು ಕೈಯಲ್ಲಿ ನೆರಿಗೆ ಎತ್ತಿ ಹಿಡಿದಿದ್ದಳು, ಇನ್ನೊಂದರಲ್ಲಿ ಫೈಲು. ಕೂಗಲಾಗದೆ ಫೈಲನ್ನೇ ಮೇಲೆತ್ತಿ ಬೀಸಿದಳು. ಅಷ್ಟರಲ್ಲಿ ಹಿಂದಿನ ಏರಿನಲ್ಲಿ ಎಕ್ಸ್‌ಪ್ರೆಸ್ಸಿನ ಹಾರ್ನ್ ಕೇಳಿಸಿತು.

"ಬಂದಳಾ?" ಎಂದು ಅಣ್ಣ ತಿರುಗದೆ ಕೇಳಿದರು.

"ಇಲ್ಲ, ಇವತ್ತು ಇಲ್ಲ ಅಂತ ಕಾಣ್ತದೆ. ರೈಟ್, ರೈಟ್."

ಬಸ್ಸು ಹೊರಟಿತು. ಅವಳು ಫೈಲನ್ನು ಇನ್ನೂ ಕೆಳಗಿಳಿಸಿರಲಿಲ್ಲ. ಎಕ್ಸ್‌ಪ್ರೆಸ್ ಒಬ್ಬರಿಗಾಗಿ ಅಲ್ಲಿ ನಿಲ್ಲುವ ಬಸ್ಸಲ್ಲ, ಅದು ನನಗೆ ಗೊತ್ತಿತ್ತು. ಇನ್ನೊಂದು ಸರ್ವಿಸ್ ಬಸ್ಸು ಬರುವುದು ಒಂದು ಗಂಟೆಯ ಮೇಲೆ. ಅದೂ ಗೊತ್ತಿತ್ತು. ಮೂಡುಬಿದಿರೆಯನ್ನು ನಾವು ಮೊದಲು ಮುಟ್ಟಿದೆವು. ಎಕ್ಸ್‌ಪ್ರೆಸ್ಸಿನವನ ಕಡೆ ನೋಡಿ ನಾನು ಕೈ ಬೀಸಿದೆ.

ಸಂಜೆ ವಾಪಸು ಬರುವಾಗ ಆ ತಿರುವಿನಲ್ಲಿ ಹುಡುಗಿಯ ತಂದೆ, ಜೊತೆಗೆ ನೆರೆಮನೆಯ ಇಬ್ಬರು, ರಸ್ತೆಗೆ ಅಡ್ಡ ನಿಂತಿದ್ದರು. ಅವಳು ಬಂಟ್ವಾಳ ಮುಟ್ಟುವಾಗ ಇಂಟರ್‌ವ್ಯೂ ಮುಗಿದಿತ್ತಂತೆ. ತಂದೆ ಹಿಂದಿನ ಬಾಗಿಲಿಗೆ ಬಂದು ನನ್ನ ಮುಖಕ್ಕೆ ಕೈ ತೋರಿಸಿ ಕೇಳಿದರು:

"ಕೈ ಬೀಸಿದ್ದು ಕಾಣಲಿಲ್ಲವಾ ನಿಮಗೆ? ಯಾರು ಬಸ್ಸು ಬಿಟ್ಟದ್ದು? ಹೇಳಿ, ಯಾರು?"

ಬಸ್ಸು ತುಂಬಿತ್ತು. ಎಲ್ಲರೂ ನನ್ನನ್ನೇ ನೋಡುತ್ತಿದ್ದರು.

"ನಾನು ರೈಟ್ ಹೇಳಲಿಲ್ಲ. ಹೇಳುವ ಮೊದಲೇ ಡ್ರೈವರು ಬಸ್ಸು ಎಳೆದರು," ಎಂದೆ.

ಅಣ್ಣ ಆಗ ಹಿಂದಕ್ಕೆ ತಿರುಗಿದರು. ಅಷ್ಟು ವರ್ಷಗಳಲ್ಲಿ ಸೀಟಿನಲ್ಲಿ ಕೂತು ಅವರು ನನ್ನ ಕಡೆ ತಿರುಗಿ ನೋಡಿದ್ದು ಅದೊಂದೇ ಸಲ. ಸಿಟ್ಟಿರಲಿಲ್ಲ. ಏನೋ ಸರಿಯಾಗಿ ಕೇಳಿಸದವರ ಹಾಗೆ ನೋಡಿದರು. ಅಷ್ಟರಲ್ಲಿ ಆ ಮೂವರು ಮುಂದಕ್ಕೆ ಹೋಗಿ ಅವರ ಬಾಗಿಲು ತೆರೆದು ಅಂಗಿಯ ಕೊರಳು ಹಿಡಿದಿದ್ದರು. ಬೈಗುಳವನ್ನು ಇಲ್ಲಿ ಬರೆಯುವುದಿಲ್ಲ. 'ಕಾಯುವ ಬಸ್ಸಂತೆ, ಥೂ!' ಎಂದದ್ದು ಮಾತ್ರ ಎಲ್ಲರಿಗೂ ಕೇಳಿಸಿತು. ಅಣ್ಣ ಕೊರಳು ಬಿಡಿಸಿಕೊಳ್ಳಲೂ ಹೋಗಲಿಲ್ಲ.

"ತಪ್ಪಾಯ್ತು. ನನ್ನದೇ ತಪ್ಪು. ಹುಡುಗಿಗೆ ಹೇಳಿ," ಎಂದರು.

ಬಸ್ಸು ಬೆಳ್ತಂಗಡಿ ಮುಟ್ಟಿತು. ಇಳಿಯುವಾಗ ಅವರು, "ಊಟಕ್ಕೆ ನೀನು ಹೋಗು ಮಾರಾಯ, ನನಗೆ ಹಸಿವಿಲ್ಲ," ಎಂದರು. ವಾರದೊಳಗೆ ದೂರು ಮಾಲಕರವರೆಗೆ ಹೋಯಿತು. ಅಣ್ಣನನ್ನು ಆ ಬಸ್ಸಿನಿಂದ ತೆಗೆದರು. ಚಾರ್ಮಾಡಿ ಘಾಟಿಯಲ್ಲಿ ಲಾರಿ ಓಡಿಸುತ್ತಾರೆಂದು ಯಾರೋ ಹೇಳಿದರು. ಲಾರಿಯಲ್ಲಿ ಯಾರಿಗಾಗಿಯೂ ಹಾರ್ನ್ ಹೊಡೆದು ಕಾಯುವುದಿರುವುದಿಲ್ಲ.

ನಾನು ಮತ್ತೆ ಬಹಳ ವರ್ಷ ಅದೇ ದಾರಿಯಲ್ಲಿ ಕೆಲಸ ಮಾಡಿದೆ. ಎಷ್ಟೋ ಡ್ರೈವರುಗಳು ಬಂದು ಹೋದರು. ಎಲ್ಲರೂ ಕನ್ನಡಿ ನೋಡಿಯೇ ಬಸ್ಸು ಎಳೆಯುತ್ತಿದ್ದರು, ನಾನು ಹೇಳಿದರೂ ಒಂದೇ, ಹೇಳದಿದ್ದರೂ ಒಂದೇ. ಬಂಟ್ವಾಳದ ಆ ಬೆಂಚಿನಲ್ಲಿ ಒಬ್ಬನೇ ಕೂತು ಚಹಾ ಕುಡಿಯುವಾಗ, ಪಕ್ಕದಲ್ಲಿ ಗ್ಲಾಸು ಕೆಳಗಿಡುವ ಸದ್ದಿಗೆ ಕಾಯುತ್ತಿದ್ದೆ. ಅವರು ಇದ್ದಿದ್ದರೆ ಇದಕ್ಕೆ ಏನು ಹೇಳುತ್ತಿದ್ದರು ಎಂದು ದಿನಕ್ಕೊಮ್ಮೆಯಾದರೂ ಅನ್ನಿಸುತ್ತಿತ್ತು. ಇವತ್ತಿಗೂ ಯಾರಾದರೂ ತಮಾಷೆ ಮಾಡಿದರೆ ಮೊದಲು ಅವರಿಗೆ ಹೇಳಬೇಕೆಂದೇ ತೋರುತ್ತದೆ.

ಹುಡುಗಿ ನನಗೆ ಬಹಳ ಕಾಲದ ಮೇಲೆ ಬೆಳ್ತಂಗಡಿಯ ಸಂತೆಯಲ್ಲಿ ಸಿಕ್ಕಿದಳು. ತಲೆ ಅರ್ಧ ಬೆಳ್ಳಗಾಗಿತ್ತು, ಜೊತೆಯಲ್ಲಿ ಮೊಮ್ಮಗು. ತರಕಾರಿ ಚೀಲ ಹಿಡಿದುಕೊಂಡೇ ಅವಳಿಗೆ ನಿಜ ಹೇಳಿ ಕೈ ಮುಗಿದೆ. ಅವಳು ಮೊಮ್ಮಗುವನ್ನು ಹತ್ತಿರಕ್ಕೆ ಎಳೆದುಕೊಂಡಳು.

"ನನ್ನದು ಹೋಗಲಿ, ಆಗಿ ಹೋಯಿತು. ಆ ಡ್ರೈವರಿಗೆ ಹೇಳಿದಿರಾ?"

ಹೇಳುತ್ತೇನೆ ಎಂದೆ. ಮರುವಾರವೇ ಪುತ್ತಿಗೆಗೆ ಹೋದೆ.

ಅಣ್ಣ ಜಗಲಿಯಲ್ಲಿ ಕೂತಿದ್ದರು. ನನ್ನನ್ನು ನೋಡಿ ಎದ್ದು ಬಂದು ಎರಡೂ ಕೈ ಹಿಡಿದುಕೊಂಡರು. ಅವರ ಹೆಂಡತಿ ಬೆಲ್ಲ, ನೀರು ತಂದಿಟ್ಟರು. ಹಳೆಯ ತಿರುವುಗಳ ಮಾತು, ಸತ್ತವರ ಮಾತು, ಮಂಡಿ ನೋವಿನ ಮಾತು ಆಯಿತು. ನಾನು ಬಾಯಿ ತೆರೆಯುವಷ್ಟರಲ್ಲಿ ಅವರೇ ಹೇಳಿದರು:

"ಆ ಹುಡುಗಿ ಎಲ್ಲಿದ್ದಾಳೋ ಏನೋ. ನಾನು ಒಂದು ಸಲ ಕನ್ನಡಿ ನೋಡಬೇಕಿತ್ತು ಮಾರಾಯ. ಕಣ್ಣು ನನ್ನದೂ ಇತ್ತಲ್ಲ."

ಅದು ನನಗಾಗಿ ತೆರೆದಿಟ್ಟ ಬಾಗಿಲೋ, ಅಷ್ಟು ವರ್ಷ ಒಬ್ಬರೇ ಕೂತು ಅವರು ನಿಜವಾಗಿಯೂ ಹಾಗೇ ನಂಬಿಬಿಟ್ಟಿದ್ದರೋ ಗೊತ್ತಿಲ್ಲ. ನಾನು ಹೇಳಿದ್ದು ಇಷ್ಟು: "ಬಿಡಿ ಅಣ್ಣ, ಹಳೆಯ ಮಾತು." ಬೆಲ್ಲದ ಚೂರು ಬಾಯಿಗೆ ಹಾಕಿಕೊಂಡೆ.

ಕಳೆದ ವರ್ಷ ಅವರು ತೀರಿಕೊಂಡರು. ಉತ್ತರಕ್ರಿಯೆಯ ಊಟಕ್ಕೆ ಹೋದೆ. ಅವರ ಹೆಂಡತಿ ನನ್ನನ್ನು ನೆಂಟರಿಗೆ ತೋರಿಸಿ, "ಇವರು ನಮ್ಮವರಿಗೆ ತಮ್ಮನ ಹಾಗೆ ಇದ್ದವರು," ಎಂದರು. ಪಂಕ್ತಿಯಲ್ಲಿ ನನ್ನ ಎಡಕ್ಕೆ ಕೂತಿದ್ದ ಮುದುಕರೊಬ್ಬರು ಆ ಕಾಲದ ಬಸ್ಸಿನ ಬಗ್ಗೆ ಹೇಳುತ್ತಿದ್ದರು. ಎಂಥ ಡ್ರೈವರ್ ಎಂದರೆ ಜನಕ್ಕಾಗಿ ಕಾದು ಕಾದು ಬಸ್ಸು ಬಿಡುತ್ತಿದ್ದ ಮನುಷ್ಯ ಎಂದರು. "ಒಂದೇ ಒಂದು ಸಲ ಒಂದು ಹುಡುಗಿಯನ್ನು ದಾರಿಯಲ್ಲಿ ಬಿಟ್ಟು ಬಂದದ್ದಂತೆ. ಅದೊಂದು ಬಿಟ್ಟರೆ ಕಪ್ಪು ಚುಕ್ಕೆ ಇಲ್ಲ," ಎಂದರು. ಸುತ್ತ ಕೂತವರು ಹೌದೆಂದು ತಲೆಯಾಡಿಸಿದರು. ಅಣ್ಣನ ಮಗ ಬಡಿಸಲು ಸಾರಿನ ಪಾತ್ರೆ ಹಿಡಿದು ನನ್ನ ಎದುರು ಬಗ್ಗಿದ್ದ, ಅವನಿಗೂ ಆ ಮಾತು ಕೇಳಿಸಿತ್ತು. ಒಂದು ಮಾತು ಸಾಕಿತ್ತು. ನಾನು ಅನ್ನದಲ್ಲಿ ಗುಳಿ ಮಾಡಿ ಸಾರು ಹಾಕಿಸಿಕೊಂಡೆ.

ಆ ಚುಕ್ಕೆ ಅವರದಲ್ಲ. ಇದನ್ನು ಮೊದಲು ಓದಬೇಕಾದವನು ಅವರ ಮಗ, ಆಮೇಲೆ ಊರಿನವರು. ಹುಡುಗಿ ಬರುತ್ತಿದ್ದುದನ್ನು ಕಂಡವನು ನಾನು, ಇಲ್ಲ ಎಂದವನು ನಾನು, ಬಸ್ಸು ಹೊರಡಿಸಿದವನು ನಾನು. ಅವರು ಬದುಕಿದ್ದಾಗ ಎದುರು ಕೂತೂ ನಾನು ತಪ್ಪಾಯಿತು ಎನ್ನದೆ ಬಂದೆ. ಆ ಮಾತು ಸಲ್ಲಬೇಕಾದದ್ದು ನನ್ನ ಡ್ರೈವರಿಗೆ, ಪುತ್ತಿಗೆಯ ಅಣ್ಣನಿಗೆ.